ಎರಡೂವರೆ ಮಿಲಿಗ್ರಾಂ

ಕಿಟಕಿಗೆಲ್ಲ ಮಬ್ಬು ಕಾಗದ ಅಂಟಿಸಿದ ಅಂಗಡಿ.
ಒಳಗೇನು ಮಾರುತ್ತಾರೆಂದು ಥಂಡರ್ ಬೇ ಊರಿಗೆಲ್ಲ ಗೊತ್ತು.
ಎರಡು ಸಲ ಮುಂದೆ ಹಾದುಹೋದೆ,
ಮೂರನೆಯ ಸಲ ಬೂಟಿನ ಹಿಮ ಕೊಡವಿ ಹೊಕ್ಕೆ.
ಬಾಗಿಲ ಹುಡುಗ ಗುರುತಿನ ಚೀಟಿ ಕೇಳಿದ.
ಎಪ್ಪತ್ತೆರಡು ನನಗೆ. ಹತ್ತೊಂಬತ್ತು ತುಂಬಿದೆಯೋ ಇಲ್ಲವೋ
ನೋಡಬೇಕಂತೆ. ನೋಡಲಿ.

ಕೌಂಟರಿನ ಹಿಂದೆ ಜೋಲೀನ್ ನಬಿಗನ್,
ಎದೆಯ ಮೇಲೆ ಹೆಸರ ಪಟ್ಟಿ, ಉಗುರಿಗೆ ಪಾಚಿಬಣ್ಣ.
ಇವಳಜ್ಜಿಯ ಜೊತೆ ಬಿಂಗೋ ಆಡಿದ್ದೇನೆ, ಸೋತಿದ್ದೇನೆ.
ಗುರುತು ಹೇಳಲಿಲ್ಲ.
"ಮೊದಲ ಸಲವಾ?"
ಈ ಪ್ರಶ್ನೆಗೆ ಹೌದೆಂದು
ಎಷ್ಟು ಕಾಲವಾಗಿತ್ತು!
"ನೋವಿಗಾ, ನಿದ್ದೆಗಾ, ಸುಮ್ಮನೆ ನಗೋದಕ್ಕಾ?"
ನಿದ್ದೆಗೆ, ಅಂದೆ.
ನಗು ಬಂದರೆ ಬೇಡವೆನ್ನಲಾರೆ.

ಎಣ್ಣೆಯ ಪುಟ್ಟ ಸೀಸೆ, ತುದಿ ತಿರುಚಿದ ಸುರುಳಿ,
ಚಹಾದ ಪೊಟ್ಟಣ, ಹೂವಿನ ಡಬ್ಬಿ.
"ಮೂಸಿ ನೋಡಿ." ಮೂಸಿದೆ.
ದೇವದಾರು, ನಿಂಬೆಸಿಪ್ಪೆ, ಒದ್ದೆ ನಾಯಿ.
"ಸೇದಿದರೆ ಬೇಗ ಏರುತ್ತೆ, ಬೇಗ ಇಳಿಯುತ್ತೆ.
ತಿಂದರೆ ತಡ, ಆದರೆ ಬಂದದ್ದು ಬೇಗ ಹೊರಡಲ್ಲ,
ನೆಂಟರ ಹಾಗೆ."
ಸೇದುವುದು ಬೇಡ ತಾಯಿ,
ಮೂವತ್ತೊಂದು ವರ್ಷದ ಗೋಧಿಯ ದೂಳು
ಈ ಎದೆಯಲ್ಲಿ ಇನ್ನೂ ಬಾಡಿಗೆ ಕೊಡದೆ ಕೂತಿದೆ.
"ಬೇರೆ ಮಾತ್ರೆ ತಗೋತೀರಾ? ಡಾಕ್ಟರಿಗೆ ಹೇಳಿದ್ದೀರಾ?"
ಹೇಳಿದ್ದೇನೆ. ಅವರೇ ಕಳಿಸಿದ್ದು, ಕಣ್ಣು ತಪ್ಪಿಸಿ.

ಕೊನೆಗೆ ಅವಳು ಮುಂದಿಟ್ಟದ್ದು
ಕಿತ್ತಳೆ ಬಣ್ಣದ ಜೆಲ್ಲಿ ಮಿಠಾಯಿ, ನಾಲ್ಕು.
"ಒಂದರಲ್ಲಿ ಎರಡೂವರೆ ಮಿಲಿಗ್ರಾಂ ಅಷ್ಟೇ."

ರೈಲುಗಟ್ಟಲೆ ಗೋಧಿ ತೂಗಿ ಹಡಗಿಗೆ ಸುರಿಸಿದವಳು ನಾನು.
ಗೋಧಿಯ ಒಂದು ಕಾಳು ಮೂವತ್ತೈದು ಮಿಲಿಗ್ರಾಂ,
ಹೆಚ್ಚುಕಡಿಮೆ.
ಆ ಕಾಳನ್ನು ಹದಿನಾಲ್ಕು ಪಾಲು ಮಾಡಿ
ಒಂದು ಪಾಲು ನಾಲಿಗೆಗಿಡು ಎನ್ನುತ್ತಾಳೆ ಹುಡುಗಿ.

ಹಣ ಕೊಟ್ಟೆ. ತೆರಿಗೆ ಸೇರಿಸಿ ರಸೀದಿ ಕೊಟ್ಟಳು.
ರಸೀದಿ!

ಎಪ್ಪತ್ತಮೂರರ ಚಳಿಗಾಲ,
ಸೌನಾದ ಅಟ್ಟದಲ್ಲಿ ಕಾಫಿ ಡಬ್ಬ,
ಡಬ್ಬದಲ್ಲಿ ತಮ್ಮನ ಪೊಟ್ಟಣ.
ಕೈ ಸುಮ್ಮನಿರಬೇಕಲ್ಲ, ತೂಗಿತು: ಹನ್ನೊಂದು ಗ್ರಾಂ.
ಪೊಲೀಸಿನವನಿಗೆ ಅಷ್ಟನ್ನೇ ಹೇಳಿದೆ,
ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಮ್ಮಿಯಿಲ್ಲ.
ಒಳ್ಳೆಯದಕ್ಕೇ ಅಂದುಕೊಂಡಿದ್ದೆ.
ಕೋರ್ಟಿನಲ್ಲಿ ಅದೇ ಅಂಕಿಯನ್ನು ಗಟ್ಟಿಯಾಗಿ ಓದಿದರು.
ಏಳು ತಿಂಗಳು ಐನೋಗೆ.
ಹೊರಬಂದವನು ಪಡುವಣಕ್ಕೆ ಹೋದ,
ಪ್ರಿನ್ಸ್ ರೂಪರ್ಟಿನಲ್ಲಿ ಮೀನುದೋಣಿ, ಮದುವೆ, ಮಗಳು;
ಎಲ್ಲ ಬೇರೆಯವರ ಬಾಯಲ್ಲಿ ಕೇಳಿದ್ದು.

ಮಗಳೇ ಕೊಟ್ಟ ನಂಬರು ಫ್ರಿಜ್ಜಿನ ಮೇಲೆ
ಎರಡು ವರ್ಷದಿಂದ ಅಂಟಿಕೊಂಡಿತ್ತು.
ರಾತ್ರಿ ಒತ್ತಿದೆ.
ಆಚೆ ಕಡೆ ಹಾಕಿ ಆಟದ ಗದ್ದಲ, ಕೆಮ್ಮು.
ಕ್ಷಮಿಸು ಎಂಬ ಮಾತು ಬಾಯಿ ತುಂಬ ಇತ್ತು,
ಹೊರಗೆ ಬಿದ್ದದ್ದು ಬೇರೆ:
"ಶುರುವಿಗೆ ಎಷ್ಟು ತಗೋಬೇಕೋ?"

ಟಿವಿ ಸದ್ದು ತಗ್ಗಿತು.
ಐವತ್ತು ವರ್ಷ ತಂತಿಯ ಮೇಲೆ ನಡೆದು ಬಂದ ಹಾಗೆ
ಒಂದು ದನಿ: "ಹಿಲ್ಕಾನಾ?"
ಹೂಂ.
"ಏನು ಕೊಟ್ಟರು?"
ಕಿತ್ತಳೆ ಬಣ್ಣದ್ದು. ಎರಡೂವರೆ.
"ಅರ್ಧ ತಗೋ. ಎರಡು ಗಂಟೆ ಕಾಯಿ.
ಏನೂ ಆಗಲಿಲ್ಲ ಅಂತ ಇನ್ನರ್ಧ ನುಂಗಬೇಡ.
ಅವಸರ ನಿನಗೆ ಹುಟ್ಟುಗುಣ."
ಇಟ್ಟನೋ, ಕಡಿಯಿತೋ.

ಬೆಣ್ಣೆಚಾಕುವಿನಲ್ಲಿ ಅರ್ಧ ಮಾಡಿದೆ.
ಹಳೆಯ ಸ್ಪ್ರಿಂಗ್ ತಕ್ಕಡಿಯ ಮೇಲಿಟ್ಟೆ, ಚಾಳಿ ಬಿಡದೆ.
ಮುಳ್ಳು ಅಲುಗಲಿಲ್ಲ.

ಕೊಲ್ಲಿಯಾಚೆ ಮಲಗಿದ್ದಾನೆ ಕಲ್ಲಿನ ದೈತ್ಯ,
ಕೈಯನ್ನು ಎದೆಯ ಮೇಲಿಟ್ಟು, ಈ ಊರು ಹುಟ್ಟುವ ಮೊದಲಿಂದ.
ನಾನಿನ್ನೂ ಎದ್ದಿದ್ದೇನೆ.
ಗಡಿಯಾರ ಒಂಬತ್ತು ಇಪ್ಪತ್ತು.
ಫೋನು ಮಡಿಲಲ್ಲಿದೆ,
ಇನ್ನರ್ಧ ತಟ್ಟೆಯಲ್ಲಿ.