ಹಲ್ಲು ಎಣಿಸಿದವಳು

ಗುರುವಾರ. ಎಲ್ ಆಲ್ಟೊದ ಸಂತೆಯಲ್ಲಿ ನನ್ನ ಅಂಗಡಿಯೆಂದರೆ
ಒಂದು ನೀಲಿ ತಾಡಪಾಲು, ನಾಲ್ಕು ಮೂಲೆಗೆ ನಾಲ್ಕು ಕಲ್ಲು.
ಮೇಲೆ, ಪ್ರವಾಸದ ಕಂಪನಿಗಳು ಸವೆಸಿ ಬಿಸಾಡಿದ
ಬೆಟ್ಟದ ಸೈಕಲ್ಲುಗಳ ಅಂಗಾಂಗ:
ಎಣ್ಣೆ ಆರಿದ ಚೈನು, ಕಿವಿ ಹರಿದ ಸೀಟು,
ಜೋಡಿ ಕಳಕೊಂಡ ಪೆಡಲು.

ದುಂಡು ಟೋಪಿ, ಪದರ ಪದರದ ಲಂಗ,
ಸತುರ್ನೀನಾ ಬಂದು ನಿಂತಳು.
'ಯಾರಿಗೆ?' ಅಂದೆ.
'ನಿಂತಿರುವುದು ಯಾರು?' ಅಂದಳು.
ಚಪ್ಪಲಿಯ ಅಳತೆ ಕೇಳುವವನ ಹಾಗೆ ಕೇಳಿದೆ:
'ಇಪ್ಪತ್ತಾರೋ, ಇಪ್ಪತ್ತೇಳೂವರೆಯೋ, ಇಪ್ಪತ್ತೊಂಬತ್ತೋ?'
'ಅವೆಲ್ಲ ದಾಟಿ ಬಹಳ ದಿನವಾಯಿತಪ್ಪ.'

ಚಕ್ರದ ಮಾತು, ವಯಸ್ಸಿನದಲ್ಲ ಎಂದು ತಿಳಿಸಿ ಹೇಳಿದೆ.
ಇಪ್ಪತ್ತೊಂಬತ್ತು ಕಲ್ಲನ್ನು ಕಲ್ಲೆನ್ನದೆ ದಾಟುತ್ತದೆ;
ಪಕ್ಕಕ್ಕೆ ನಿಲ್ಲಿಸಿದರೆ ಹಿಡಿಕೆ ಅವಳ ಎದೆಗೆ ಬಂತು,
ಬೆಲೆ ಕುತ್ತಿಗೆಗೆ.
ಇಪ್ಪತ್ತೇಳೂವರೆ, ಎರಡು ಮನೆಯ ನೆಂಟ,
ಊರು ದಾಟಿದರೆ ಅದಕ್ಕೆ ಟಯರು ಸಿಗದು.
ಇಪ್ಪತ್ತಾರು, ಪೇಟೆ ಕೈಬಿಟ್ಟ ಅಳತೆ,
ಆದರೆ ಅದರ ಟ್ಯೂಬು
ಎಲ್ಲ ಹಳ್ಳಿಯಂಗಡಿಯಲ್ಲೂ
ಉಪ್ಪು, ಮೇಣದಬತ್ತಿಯ ಪಕ್ಕ ನೇತಾಡುತ್ತಿರುತ್ತದೆ.

ನನ್ನ ಹುಡುಗ ವಿಲ್ಮರ್ ನಡುವೆ ಬಾಯಿ ಹಾಕಿದ:
'ಮುಂದೆ ದೊಡ್ಡದು, ಹಿಂದೆ ಚಿಕ್ಕದು, ಈಗ ಅದೇ ಫ್ಯಾಷನ್ನು.'
ಎತ್ತು ಏರಿಗೆ, ಕೋಣ ನೀರಿಗೆ!
ಟೀ ತರಲು ಕಳಿಸಿದೆ ಅವನನ್ನು.

ನನಗೂ ಆಸೆಯಿತ್ತು, ಸುಳ್ಳೇಕೆ.
ಹೊಳೆಯುವ ಫೋರ್ಕೊಂದನ್ನು ಒರೆಸಿ ಮುಂದಿಟ್ಟೆ.
ಅಂಗೈಯಿಂದ ಒತ್ತಿದಳು.
ಕುಸಿದು ಕೂತಿತು, ಮೇಲೇಳಲಿಲ್ಲ.
'ನಮ್ಮ ಭಾವನ ಹಾಗೆ' ಅಂದಳು.

ಕರವಸ್ತ್ರದ ಗಂಟಿನಲ್ಲಿ ಸಾವಿರದಿನ್ನೂರು ಬೊಲಿವಿಯಾನೋ.
ಬಿಚ್ಚಿ, ಮೊಣಕಾಲ ಮೇಲೆ ಹರಡಿ ಲೆಕ್ಕಕ್ಕೆ ಕೂತಳು:
ಇಪ್ಪತ್ತಾರರ ಗಟ್ಟಿ ಚೌಕಟ್ಟು, ಆರುನೂರ ನಲವತ್ತು.
ಬ್ರೇಕಿಗೆ ಇನ್ನೂರ ಹತ್ತು. ಎಣ್ಣೆಯದು ಬೇಡವಂತೆ, ತಂತಿಯದೇ ಸಾಕು,
ಹರಿದರೆ ತಾನೇ ಬಿಗಿದುಕೊಳ್ಳಬಹುದು.
ಹೊಸ ಟಯರು ಒಂದೇ, ಮುಂದಕ್ಕೆ, ನೂರ ಅರವತ್ತು;
ಹಿಂದಿನದು ಹಳತಿರಲಿ,
ಜಾರಿದರೆ ಹಿಂದಿನದು ಜಾರಲಿ.

ಆಮೇಲೆ ಕುಕ್ಕರುಗಾಲಲ್ಲಿ ಕೂತು
ಹಿಂದಿನ ಹಲ್ಲುಚಕ್ರಕ್ಕೆ ಬೆರಳಿಟ್ಟು
ಒಂದೊಂದೇ ಎಣಿಸತೊಡಗಿದಳು,
ಕರುವಿಗೆ ಹಲ್ಲು ಬಂದಿದೆಯೇ ನೋಡುವವಳ ಹಾಗೆ.
'ಮೂವತ್ತೆರಡು. ಇದಕ್ಕಿಂತ ದೊಡ್ಡದಿಲ್ಲವೆ?'

'ಇಳಿಯುವವರಿಗೆ ಹಲ್ಲು ಯಾಕಮ್ಮ?
ಎಲ್ಲರೂ ವ್ಯಾನಿನಲ್ಲಿ ಹತ್ತುತ್ತಾರೆ, ಸೈಕಲ್ಲಿನಲ್ಲಿ ಇಳಿಯುತ್ತಾರೆ.'

'ಗೊತ್ತು.
ದಾರಿ ಮುಗಿಯುವಲ್ಲಿ ಊಟದ ಮನೆಯಿದೆಯಲ್ಲ,
ಹನ್ನೊಂದು ವರ್ಷ ಅಲ್ಲಿ ಅವರ ತಟ್ಟೆ ತೊಳೆದಿದ್ದೇನೆ.
ಕೆಸರು ಮುಖದಲ್ಲಿ ಬಂದು, ಬೆಟ್ಟ ಗೆದ್ದೆವೆಂದು
ಫೋಟೋ ತೆಗೆಸಿಕೊಂಡು, ಕೋಳಿ ತಿಂದು ಹೋಗುತ್ತಾರೆ.
ನನ್ನ ಮನೆ ಕೆಳಗಿದೆ, ಸ್ವಾಮಿ.
ನಾನು ಹತ್ತಬೇಕು.'

ಇಪ್ಪತ್ತು ವರ್ಷ ಎಲ್ಲರನ್ನೂ ಎಷ್ಟು ಇಂಚು ಅಂದೇ ಕೇಳಿದ್ದೆ.
ಯಾವ ಕಡೆಗೆ ಅಂತ ಕೇಳಿರಲಿಲ್ಲ.

ಡಬ್ಬದ ತಳದಲ್ಲಿ, ಬಟ್ಟೆ ಸುತ್ತಿ,
ನನಗೆಂದೇ ಎತ್ತಿಟ್ಟ ನಲವತ್ತು ಹಲ್ಲಿನದು ಒಂದಿತ್ತು.
ತೆಗೆದೆ. ಮುಂದಕ್ಕೆ ಇಪ್ಪತ್ತೆರಡರ ಚಿಕ್ಕದು.
ಎರಡಕ್ಕೂ ಸೇರಿ ಇನ್ನೂರೈವತ್ತು ಅನ್ನಬೇಕು,
ನೂರ ತೊಂಬತ್ತು ಅಂದೆ.
ಗಂಟು ಅಲ್ಲಿಗೆ ಖಾಲಿ.

'ಲಂಗ ಸಿಕ್ಕಿಕೊಂಡರೆ?'
ಎಣ್ಣೆಯ ತಗಡು ಕತ್ತರಿಸಿ ಚೈನಿಗೆ ಕವಚ ಮಾಡಿದೆ.
ಬೋಲ್ಟು ಸೇರಿ ಹದಿನೆಂಟು.
'ಹತ್ತಿ ಬಂದು ಕೊಡುತ್ತೇನೆ.'
ಜನರ ನಡುವೆ ತಳ್ಳಿಕೊಂಡೇ ಹೋದಳು,
ತಗಡಿನ ಮೇಲೆ ಸೂರ್ಯಕಾಂತಿಯ ಚಿತ್ರ
ಅರ್ಧ ಉಳಿದಿತ್ತು.

ವಿಲ್ಮರ್ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ,
ಎರಡು ಸಲ ಗೀಟು ಹಾಕಿ: ಹದಿನೆಂಟು, ಬಾಕಿ.
ಗುರುವಾರ ಬಂದರೆ
ಒಮ್ಮೆ ರಸ್ತೆಯ ಕಡೆ ನೋಡುತ್ತೇನೆ.
ವಸೂಲಿಗಲ್ಲ.