ಬಿರುಕಿನ ಡಬ್ಬಿ

ಪೀಣ್ಯ ಎರಡನೇ ಹಂತ,
ಟೀ ಅಂಗಡಿಯ ಗೋಡೆಗೆ ಬೆನ್ನು ಕೊಟ್ಟ ತಗಡಿನ ಶೆಡ್ಡು.
ಇಲ್ಲಿ ಉಕ್ಕಿಗೆ ಹದ ಕೊಡುತ್ತೇವೆ.
ಹದ ಅಂದರೆ ಅಡುಗೆಮನೆಯ ಮಾತು ಎಂದುಕೊಂಡಿದ್ದೆ
ಬಂದ ಹೊಸತರಲ್ಲಿ: ಪಾಕದ ಹದ, ಹಿಟ್ಟಿನ ಹದ.

ಜಬೀವುಲ್ಲಾ ಮೇಸ್ತ್ರಿ ಕುಲುಮೆಯ ಬಾಗಿಲು ಗೇಣಗಲ ತೆರೆದು
ಒಂದು ಕಣ್ಣು ಮುಚ್ಚಿ ನೋಡುವರು.
"ಇನ್ನೂ ದಾಳಿಂಬೆ. ಕಿತ್ತಳೆ ಆಗಲಿ."
ಮೀಟರಿನ ಮುಳ್ಳು ಏನೇ ಹೇಳಲಿ,
ಮೂವತ್ತೊಂದು ವರ್ಷ ಬೆಂದ ಆ ಕಣ್ಣೇ ಕಾಯಿದೆ.
ಹೇಗೆ ಗೊತ್ತಾಗುತ್ತೆ ಅಂತ ಕೇಳಿದರೆ
"ಆಗುತ್ತೆ ಬಿಡಮ್ಮ" ಅಂತ ಜೇಬಲ್ಲಿ ಬೀಡಿ ಹುಡುಕುವರು.

ನನ್ನ ಕೆಲಸ ಎಣಿಸಿ ತುಂಬುವುದು.
ಆಷಾಢದ ಸೋನೆ ಹಿಡಿದ ವಾರ
ಪಿನ್ನುಗಳು ಬಿರಿಯತೊಡಗಿದವು.
ನೂರಕ್ಕೆ ಒಂಬತ್ತು, ಮರುದಿನ ಹದಿನೇಳು.
ಕೂದಲೆಳೆಯ ಗೆರೆ, ಉಗುರಿಗೆ ಸಿಗುವುದು, ಕಣ್ಣಿಗೆ ಸಿಗದು.
ಮಾಲೀಕರು ಉಕ್ಕು ಕೊಟ್ಟವನನ್ನು ಬೈದರು,
ಉಕ್ಕು ಕೊಟ್ಟವನು ನಮ್ಮ ಕುಲುಮೆಯನ್ನು ಬೈದ,
ಆಯುಧಪೂಜೆ ಮೂರು ತಿಂಗಳಿರುವಾಗಲೇ
ಎಲೆಕ್ಟ್ರಿಷಿಯನ್ ಕಾಂತಣ್ಣ ಕುಂಬಳಕಾಯಿ ಒಡೆದ.
ನಾನು ಬಿರಿದದ್ದನ್ನು ಗುಜರಿಗೆ ಹಾಕದೆ
ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟೆ.
ಯಾಕೆ ಅಂತ ಗೊತ್ತಿರಲಿಲ್ಲ.

ರಾತ್ರಿ ಪಾಳಿ. ಊಟದ ಬಿಡುವು ಅರ್ಧ ಗಂಟೆ.
ಗುಜರಿಯ ಐದು ಪಿನ್ನು ಕೇಳಿದೆ. ಮೇಸ್ತ್ರಿ ಕೈ ಬೀಸಿದರು
ನೊಣ ಓಡಿಸಿದಂತೆ. ಅದನ್ನೇ ಒಪ್ಪಿಗೆ ಅಂತ ಓದಿಕೊಂಡೆ.

ಬಿಸಿ ಇಳಿಸಿದೆ, ಹೊತ್ತು ಹೆಚ್ಚಿಸಿದೆ,
ಎಣ್ಣೆಗೆ ಅದ್ದುವಾಗ ತಿರುಗಿಸಿಯೂ ನೋಡಿದೆ.
ಮೂರು ಬಿರಿದವು, ಎರಡು ಉಳಿದವು.
ಉಳಿದದ್ದು ಯಾವುದರಿಂದ?
ಸಾರಿಗೆ ಉಪ್ಪು ಹುಳಿ ಬೆಲ್ಲ ಒಟ್ಟಿಗೆ ಸುರಿದು
ಯಾವುದು ಹೆಚ್ಚಾಯ್ತು ಅಂತ ಕೇಳಿದ ಹಾಗಾಯ್ತು.
ಮಗಳ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದೆ:
ಒಂದು ಸಲಕ್ಕೆ ಒಂದೇ ಬದಲಿಸು.

ಮಂಗಳವಾರ ಬಿಸಿ ಮಾತ್ರ. ಬಿರಿಯಿತು.
ಬುಧವಾರ ಹೊತ್ತು ಮಾತ್ರ. ಬಿರಿಯಿತು.
ಗುರುವಾರ ಕರೆಂಟು ಹೋಯಿತು.
ಶುಕ್ರವಾರ, ತೊಟ್ಟಿಯ ಎಣ್ಣೆ ಬಿಟ್ಟು
ಹೊಸ ಡ್ರಮ್ಮಿನಿಂದ ಒಂದು ಬಕೀಟು ತೆಗೆದು ಅದ್ದಿದೆ.
ಐದಕ್ಕೆ ಐದೂ ಗಟ್ಟಿ.

ತೊಟ್ಟಿಯ ಎಣ್ಣೆ ಒಂದು ಹನಿ
ಕಾದ ತಗಡಿನ ಮೇಲೆ ಬಿಟ್ಟೆ.
ಚಟಪಟ.

ಎಷ್ಟು ಸಾವಿರ ಒಗ್ಗರಣೆ ಕೇಳಿದ ಕಿವಿ ನನ್ನದು!
ತೊಳೆದ ಕರಿಬೇವು ಒರೆಸದೆ ಹಾಕಿದಾಗಿನ ಅದೇ ಸದ್ದು.
ಎಣ್ಣೆಯಲ್ಲಿ ನೀರು.
ಕತ್ತೆತ್ತಿದೆ. ತೊಟ್ಟಿಯ ನೇರಕ್ಕೆ
ಮೊಳೆ ಕಿತ್ತುಹೋದ ತೂತು,
ಅದರಾಚೆ ದೀಪಗಳಿಗೆ ಕೆಂಪಾದ ಮೋಡ.

ಮೇಸ್ತ್ರಿಗೆ ಹೇಳಲು ಎರಡು ದಿನ ಹೆದರಿದೆ.
ಆ ಎರಡು ದಿನದ ಬಿರುಕು ನನ್ನ ಲೆಕ್ಕಕ್ಕೇ ಸೇರಲಿ.
ಹೇಳಿದಾಗ ಮಾತಾಡಲಿಲ್ಲ. ತಾವೇ ಹನಿ ಬಿಟ್ಟರು,
ಮೂರು ಸಲ, ಕಿವಿ ಬಗ್ಗಿಸಿ.
ಬೀಡಿ ಹುಡುಕಲಿಲ್ಲ.
ಆಮೇಲೆ ಕುಲುಮೆಯ ಬಾಗಿಲು ತೆರೆದು
"ಬಾ ಇಲ್ಲಿ. ಏನು ಬಣ್ಣ?"
"ದಾಳಿಂಬೆ."
"ಸಿಪ್ಪೆಯೋ, ಕಾಳೋ?"

ಗೊತ್ತಿರಲಿಲ್ಲ. ಈಗ ದಿನಾ ಒಂದು ಬಣ್ಣ ಹೇಳುತ್ತೇನೆ,
ತಪ್ಪುತ್ತೇನೆ, ಅವರ ಮಾತು ಒಂದು ಕಡೆ
ಮೀಟರಿನ ಅಂಕಿ ಇನ್ನೊಂದು ಕಡೆ ಬರೆಯುತ್ತೇನೆ.
ಇಬ್ಬರೂ ಸುಮಾರಾಗಿ ಒಂದೇ ಹೇಳುತ್ತಾರೆ.
ಹೇಳದ ದಿನ ಯಾರು ಸರಿ ಅಂತ ಪಿನ್ನನ್ನು ಕೇಳಬೇಕು.

ಹೋದ ವಾರ ಮತ್ತೆ ಮೂರು ಬಿರಿದವು.
ಸೂರಿಗೆ ತೇಪೆ ಬಿದ್ದಿದೆ, ಎಣ್ಣೆ ಚಟಪಟ ಅನ್ನುವುದಿಲ್ಲ.
ಡಬ್ಬಿ ತೆಗೆದೆ.
ಹೊಸ ಹಾಳೆಗೆ ಮಗಳು ಗೆರೆ ಎಳೆದುಕೊಟ್ಟಿದ್ದಾಳೆ:
ಬಣ್ಣಕ್ಕೊಂದು ಸಾಲು, ಬಿಸಿಗೊಂದು,
ಗೊತ್ತಿಲ್ಲ ಎಂಬುದಕ್ಕೊಂದು.
ಅದನ್ನೇ ಸ್ವಲ್ಪ ಅಗಲ ಮಾಡಿಸಿಕೊಂಡೆ.