ಖಾಲಿ ತಟ್ಟೆ

ಕುತೈಸಿಯ ಬಜಾರಿನಲ್ಲಿ ಇಪ್ಪತ್ತೆಂಟು ವರ್ಷ
ತಕ್ಕಡಿ ತಪಾಸಣೆ ಮಾಡಿದವಳು, ಕೆಳಮನೆಯ ನಾನುಲಿ.
ಅವಳ ಮುಂದೆ ಫೋನಿಟ್ಟೆ:
ನನ್ನ ಲಿಂಕ್ ಒತ್ತಿ ಯಾರು ಡೇರೆ ಕೊಂಡರೂ
ನೂರಕ್ಕೆ ನಲವತ್ತು ನನಗಂತೆ, ಜೀವನಪೂರ್ತಿ.

ಕನ್ನಡಕ ಏರಿಸಿದಳು. ನಲವತ್ತರ ಕಡೆ ನೋಡಲೇ ಇಲ್ಲ.
"ತುಂಬಿದ ತಟ್ಟೆ ಏನೂ ಹೇಳೋದಿಲ್ಲ ಜುರಾಬ್,
ಖಾಲಿ ಇದ್ದಾಗ ಮುಳ್ಳು ಎಲ್ಲಿ ನಿಲ್ಲುತ್ತೆ, ಅದನ್ನ ನೋಡು."

ಆಮೇಲೆ ಅಕ್ರೋಟು ಒಡೆಯುತ್ತ, ಒಂದೊಂದಾಗಿ:
ದುಡ್ಡು ಎಷ್ಟು ಕೂಡಿದ ಮೇಲೆ ಕೈಗೆ ಬರುತ್ತೆ?
ಕೊಂಡವನು ಡೇರೆ ವಾಪಸು ಕಳಿಸಿದರೆ?
ಇವತ್ತು ನೋಡಿ ಹತ್ತು ದಿನ ಬಿಟ್ಟು ಕೊಂಡವನು
ನಿನ್ನವನಾ, ಅವರವನಾ?
ಇದುವರೆಗೆ ಯಾರಿಗೆ ಕೊಟ್ಟಿದ್ದಾರೆ, ಹೆಸರು ಹೇಳು.

ಸಿಪ್ಪೆ ರಾಶಿಯಾಯಿತು. ನನ್ನ ಬಾಯಿ ಬರಿದು.
ಹದಿನಾಲ್ಕನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರ:
ನಿಯಮಗಳನ್ನು ನಾವು ಯಾವಾಗ ಬೇಕಾದರೂ ಬದಲಿಸಬಹುದು.
"ತೂಕದ ಕಲ್ಲು ಅವರ ಜೇಬಿನಲ್ಲೇ ಇದೆ," ಅಂದಳು.

ಆದರೂ ಪರೀಕ್ಷಿಸದೆ ಮುದ್ರೆ ಒತ್ತುವವಳಲ್ಲ, ಒಡೆಯುವವಳೂ ಅಲ್ಲ.
ಪಿಂಚಣಿಯಲ್ಲಿ ಎಣಿಸಿ ಎಂಬತ್ತು ಲಾರಿ ತೆಗೆದು
ನನ್ನ ಲಿಂಕಿನಿಂದಲೇ ಕೊಂಡಳು,
ಎಲ್ಲಕ್ಕಿಂತ ಚಿಕ್ಕ ಡೇರೆ, ಹಳದಿಯದು.

ಹನ್ನೊಂದನೇ ದಿನ ಡೇರೆ ಬಂತು.
ನನ್ನ ಖಾತೆಯಲ್ಲಿ ಸೊನ್ನೆ.
ಬರೆದೆ. 'ಪ್ರಿಯ ಪಾಲುದಾರರೇ' ಅಂತ ಶುರುವಾಗಿ
ಅಲ್ಲಿಗೇ ಮುಗಿದಂಥ ಉತ್ತರ.

"ತಟ್ಟೆಯಲ್ಲಿ ಸಾಮಾನಿದೆ, ಮುಳ್ಳು ಅಲುಗಿಲ್ಲ!
ಇಂಥ ತಕ್ಕಡಿ ನಾನೂ ನೋಡಿರಲಿಲ್ಲ ಕಣೋ,"
ನಾನುಲಿ ಕಣ್ಣೊರೆಸಿಕೊಂಡು ನಕ್ಕಳು.

ಡೇರೆಗೆ ಮಾತ್ರ ಹೆಸರಿಡುವಂತಿಲ್ಲ.
ಅಂಗಳದಲ್ಲಿ, ಮೊನ್ನೆಯ ಆಲಿಕಲ್ಲಿಗೂ ಹರಿಯದೆ,
ಅವಳ ಟೊಮೇಟೊ ಸಸಿಗಳನ್ನು ಕಾಯುತ್ತಿದೆ.
ಕೇಳಿದವರಿಗೆಲ್ಲ ಹೇಳುತ್ತೇನೆ: ಒಳ್ಳೆಯ ಡೇರೆ, ಕೊಳ್ಳಿ.
ಲಿಂಕ್ ಕೊಡುವುದಿಲ್ಲ.